ಐದನೇ ದಿನಕ್ಕೆ ಹಚ್ಚೆಯ ಸಿಪ್ಪೆ ಏಳುತ್ತಿದ್ದರೆ

ಪಕ್ಕೆಲುಬಿನ ಮೇಲಿನ ಹಚ್ಚೆ ಐದನೇ ದಿನಕ್ಕೆ ಸಿಪ್ಪೆ ಏಳುತ್ತಿದೆ, ಜೊತೆಗೆ ಬಣ್ಣವೂ ಉದುರುತ್ತಿದೆ, ಹಾಳಾಯಿತೇ ಎಂದು ಕೇಳಿದ್ದೀರಿ. ಇಷ್ಟೇ ಲಕ್ಷಣವಾದರೆ ಹಾಳಾಗಿಲ್ಲ. ಉದುರುತ್ತಿರುವುದು ಮೇಲುಚರ್ಮ ಮತ್ತು ಅದರಲ್ಲಿ ಸಿಕ್ಕಿಕೊಂಡಿದ್ದ ಶಾಯಿ. ಉಳಿಯಬೇಕಾದ ಶಾಯಿ ಕೆಳಗಿನ ಒಳಚರ್ಮದಲ್ಲಿ ಭದ್ರವಾಗಿದೆ. ಕೆಲವು ವಾರ ಚಿತ್ರ ಮಬ್ಬಾಗಿ, ಮಂಜು ಕವಿದಂತೆ ಕಾಣುತ್ತದೆ. ನನ್ನದನ್ನು ಕನ್ನಡಿಯಲ್ಲಿ ದಿನಕ್ಕೆ ಹತ್ತು ಸಲ ನೋಡಿಕೊಂಡು ಸುಮ್ಮನೆ ಕೊರಗಿದ್ದೆ.

ನಿಜವಾದ ಪರೀಕ್ಷೆ ತುರಿಕೆ. ನನಗಂತೂ ಸೂಜಿಯ ನೋವಿಗಿಂತ ಅದೇ ಹೆಚ್ಚು ಕಾಡಿತು. ಕೆರೆಯಬೇಡಿ, ಸಿಪ್ಪೆಯನ್ನು ಕೀಳಲೇಬೇಡಿ. ಕಿತ್ತರೆ ಅಲ್ಲಿ ಬಣ್ಣ ತೇಪೆತೇಪೆಯಾಗಬಹುದು, ಕಲೆಯೂ ಉಳಿಯಬಹುದು. ಸುವಾಸನೆಯಿಲ್ಲದ ಮುಲಾಮನ್ನು ತೆಳುವಾಗಿ ಸವರಿ. ದಪ್ಪಗೆ ಮೆತ್ತಿದರೆ ಬೇಗ ವಾಸಿಯಾಗುತ್ತದೆ ಎನ್ನುವುದು ತಪ್ಪು, ಗಾಯ ಒದ್ದೆಯಾಗಿಯೇ ಉಳಿಯುತ್ತದೆ. ಸ್ನಾನ ಮಾಡಬಹುದು, ಈಜು ಬೇಡ. ಬಿಸಿಲಿಗೂ ಒಡ್ಡಬೇಡಿ. ಬಿಗಿಯಾದ ಒಳಉಡುಪು ಆ ಜಾಗವನ್ನು ಉಜ್ಜದಿರಲಿ.

ಕೆಂಪು ದಿನೇ ದಿನೇ ಹರಡುತ್ತಿದ್ದರೆ, ನೋವು ಇಳಿಯುವ ಬದಲು ಏರುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಹಚ್ಚೆ ಹಾಕಿದವರನ್ನು ಕೇಳುತ್ತ ಕೂರದೆ ವೈದ್ಯರ ಬಳಿ ಹೋಗಿ.

ಉಳಿದ ಭಾಗಕ್ಕೆ ಮತ್ತೆ ಕೂರುವ ನೋವಿನ ಬಗ್ಗೆಯೂ ಬರೆದಿದ್ದೀರಿ. ಪಕ್ಕೆಯಲ್ಲಿ ಚರ್ಮ ತೆಳು, ಕೆಳಗೇ ಎಲುಬು, ಆದ್ದರಿಂದ ನೋಯುತ್ತದೆ. ಹೊಟ್ಟೆ ತುಂಬ ಊಟ ಮಾಡಿ ಹೋಗಿ, ಹಿಂದಿನ ದಿನ ಮದ್ಯ ಬೇಡ. ಉಸಿರು ಬಿಗಿಹಿಡಿಯದೆ ನಿಧಾನವಾಗಿ ಹೊರಬಿಡಿ. ತಡೆಯಲಾಗದಿದ್ದರೆ ಸ್ವಲ್ಪ ನಿಲ್ಲಿಸಲು ಹೇಳಿ, ಅದಕ್ಕೆ ಸಂಕೋಚವೇಕೆ?