ಇಲಿಗೆ ಆಗಿದ್ದು ನಮಗೇಕೆ ಆಗುತ್ತದೆ ಎನ್ನುವವರಿಗೆ

ಪ್ರಶ್ನೆ: ಬಸಿರಿನಲ್ಲಿ ಕುಡಿದರೆ ಮಗುವಿಗೆ ತೊಂದರೆ ಅನ್ನುವುದೆಲ್ಲ ಇಲಿಗಳ ಮೇಲಿನ ಪ್ರಯೋಗ. ಅವಕ್ಕೆ ಸಿಕ್ಕಾಪಟ್ಟೆ ಕುಡಿಸಿರುತ್ತಾರೆ. ಪಾರ್ಟಿಯಲ್ಲಿ ಒಂದು ಬಿಯರ್ ಕುಡಿದರೆ ಏನು ಮಹಾ?

ಉತ್ತರ: ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೂ ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ವಿಷಯ ಶುರುವಾಗಿದ್ದು ಇಲಿಗಳಿಂದ ಅಲ್ಲ, ಮಕ್ಕಳಿಂದ. 1968ರಲ್ಲಿ ಫ್ರಾನ್ಸಿನ ಡಾಕ್ಟರ್ ಪಾಲ್ ಲೆಮ್ವಾನ್, 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್, ವಿಪರೀತ ಕುಡಿಯುತ್ತಿದ್ದ ತಾಯಂದಿರ ಮಕ್ಕಳಲ್ಲಿ ಒಂದೇ ತರಹದ ಮುಖಲಕ್ಷಣ, ಕುಂಠಿತ ಬೆಳವಣಿಗೆ ಇರುವುದನ್ನು ಬರೆದಿಟ್ಟರು. ಇದು ಮದ್ಯದಿಂದಲೋ, ಊಟ ಸರಿಯಿಲ್ಲದ್ದರಿಂದಲೋ, ಸಿಗರೇಟಿನಿಂದಲೋ ಎಂಬ ಅನುಮಾನ ಆಗಲೂ ಇತ್ತು. ಬಸುರಿಯರಿಗೆ ಕುಡಿಸಿ ನೋಡಲು ಆಗುವುದಿಲ್ಲ ಅಲ್ವಾ? ಅದಕ್ಕೇ ಪ್ರಾಣಿಗಳು ಬಂದವು. ಎರಡು ಗುಂಪಿಗೂ ಅಷ್ಟೇ ಕ್ಯಾಲೊರಿ, ಒಂದಕ್ಕೆ ಮಾತ್ರ ಮದ್ಯ.

1981ರಲ್ಲಿ ಕ್ಯಾಥ್ಲೀನ್ ಸುಲಿಕ್ ಅವರ ತಂಡ ಬಸುರಿ ಸುಂಡಿಲಿಗಳಿಗೆ ಏಳನೇ ದಿನ ಮಾತ್ರ, ನಾಲ್ಕು ಗಂಟೆ ಅಂತರದಲ್ಲಿ ಎರಡು ಸಲ ಮದ್ಯ ಕೊಟ್ಟಿತು. ಒಂದೇ ದಿನ! ಮರಿಗಳ ಕಣ್ಣು ಚಿಕ್ಕದಾಯಿತು, ಮೇಲ್ತುಟಿ ಉದ್ದವಾಯಿತು, ಮೂಗು ಮತ್ತು ತುಟಿಯ ನಡುವಿನ ಗುಳಿ ಸರಿಯಾಗಿ ಮೂಡಲಿಲ್ಲ. ಆ ಮಕ್ಕಳ ಮುಖದಲ್ಲಿ ಕಂಡಿದ್ದೂ ಇದೇ. ಸುಂಡಿಲಿಯ ಏಳನೇ ದಿನ ಅಂದರೆ ನಮ್ಮಲ್ಲಿ ಗರ್ಭ ನಿಂತ ಮೂರನೇ ವಾರ, ಮುಟ್ಟು ನಾಲ್ಕು ದಿನ ತಡವಾಗಿದೆ ಅಷ್ಟೇ ಅಂದುಕೊಳ್ಳುವ ಹೊತ್ತು. ನನ್ನನ್ನು ಹೆದರಿಸುವುದು ಇದೇ. ಹಾಗಾಗಿ ಮಗು ಬೇಕೆಂದು ಪ್ರಯತ್ನಿಸುತ್ತಿದ್ದರೆ ಆಗಲೇ ಬಿಡಿ, ಟೆಸ್ಟ್ ಪಾಸಿಟಿವ್ ಬರುವವರೆಗೆ ಕಾಯಬೇಡಿ.

ಡೋಸ್ ವಿಷಯಕ್ಕೆ ಬರೋಣ. ಹೌದು, ಸುಲಿಕ್ ಕೊಟ್ಟಿದ್ದು ದೊಡ್ಡ ಡೋಸೇ, ಒಂದು ಬಿಯರ್‌ಗೆ ಸಮ ಅಲ್ಲ. ಆದರೆ ಸುಂಡಿಲಿಯ ದೇಹ ನಮಗಿಂತ ಬೇಗ ಮದ್ಯವನ್ನು ಅರಗಿಸುತ್ತದೆ. ಕಿಲೋಗೆ ಎಷ್ಟು ಗ್ರಾಂ ಎಂದು ಹೋಲಿಸಿದರೆ ಪ್ರಯೋಜನವಿಲ್ಲ, ರಕ್ತದಲ್ಲಿ ಎಷ್ಟು ಏರಿತು ಎಂದು ನೋಡಬೇಕು. 1990ರಲ್ಲಿ ಬಾಂಥಿಯಸ್ ಮತ್ತು ವೆಸ್ಟ್ ಎಂಬ ಸಂಶೋಧಕರು ಇಲಿಮರಿಗಳಲ್ಲಿ ಇದನ್ನೇ ತೋರಿಸಿದರು. ಆಗಷ್ಟೇ ಹುಟ್ಟಿದ ಇಲಿಮರಿಯ ಮಿದುಳು ನಮ್ಮ ಮಗು ಹೊಟ್ಟೆಯಲ್ಲಿ ಕೊನೆಯ ಮೂರು ತಿಂಗಳಲ್ಲಿರುವ ಹಂತದಲ್ಲಿರುತ್ತದೆ. ಕೆಲವು ಮರಿಗಳಿಗೆ ದಿನಕ್ಕೆ ಕಿಲೋಗೆ 6.6 ಗ್ರಾಂ ಮದ್ಯವನ್ನು 12 ಸಲಕ್ಕೆ ಹಂಚಿ ಕೊಟ್ಟರು, ಇನ್ನು ಕೆಲವಕ್ಕೆ 4.5 ಗ್ರಾಂ ಅನ್ನು ಎರಡೇ ಸಲಕ್ಕೆ. ಮಿದುಳಿನ ಕೋಶಗಳು ಜಾಸ್ತಿ ಸತ್ತಿದ್ದು ಕಡಿಮೆ ಮದ್ಯ ಸಿಕ್ಕ ಮರಿಗಳಲ್ಲಿ, ಯಾಕೆಂದರೆ ಎರಡೇ ಸಲಕ್ಕೆ ಕೊಟ್ಟಿದ್ದರಿಂದ ಅವುಗಳ ರಕ್ತದಲ್ಲಿ ಮದ್ಯ ಜಾಸ್ತಿ ಏರಿತ್ತು. ವಾರವಿಡೀ ಮುಟ್ಟದೆ ಶನಿವಾರ ಒಂದೇ ಸಲ ಕುಡಿಯುವವರು ಇದನ್ನು ಇನ್ನೊಮ್ಮೆ ಓದಿ.

ಅಂದಹಾಗೆ ನಿಮ್ಮ 'ಒಂದು ಬಿಯರ್' ಎಷ್ಟು ದೊಡ್ಡದು? 650 ಮಿಲಿ ಸ್ಟ್ರಾಂಗ್ ಬಿಯರ್ 7 ಪರ್ಸೆಂಟ್ ಇದ್ದರೆ ಅದರಲ್ಲಿ ಸುಮಾರು 45 ಮಿಲಿ ಶುದ್ಧ ಮದ್ಯ. ವಿಸ್ಕಿಯ ಲೆಕ್ಕದಲ್ಲಿ ಒಂದೂಮುಕ್ಕಾಲು ಲಾರ್ಜ್. ಮಾಸು ಅದನ್ನು ತಡೆಯುವುದಿಲ್ಲ, ತಾಯಿಯ ರಕ್ತದಲ್ಲಿ ಇರುವಷ್ಟೇ ಮಗುವಿನ ರಕ್ತಕ್ಕೂ ಹೋಗುತ್ತದೆ, ಅದನ್ನು ಅರಗಿಸುವ ಶಕ್ತಿ ಆ ಪುಟ್ಟ ಲಿವರ್‌ಗೆ ತೀರಾ ಕಡಿಮೆ. ಇಷ್ಟು ಕುಡಿದರೆ ಪರವಾಗಿಲ್ಲ ಎಂಬ ಗೆರೆಯನ್ನು ಯಾರೂ ಎಳೆದು ತೋರಿಸಿಲ್ಲ. ನನ್ನ ಲೆಕ್ಕ ಸೊನ್ನೆ.

ಗೊತ್ತಾಗುವ ಮೊದಲೇ ಕುಡಿದುಬಿಟ್ಟಿರುವವರೇ, ದಯವಿಟ್ಟು ಸುಂಡಿಲಿಯ ಫೋಟೊ ನೋಡಿ ಗರ್ಭ ತೆಗೆಸಲು ಓಡಬೇಡಿ. ಒಂದು ಸಲ ಕುಡಿದವರ ಮಕ್ಕಳಿಗೆಲ್ಲ ಹೀಗಾಗುವುದಿಲ್ಲ. ಒಂದೇ ಡೋಸ್‌ಗೆ ಒಂದು ತಳಿಯ ಸುಂಡಿಲಿ ಹೆಚ್ಚು ನರಳುತ್ತದೆ, ಇನ್ನೊಂದು ತಡೆದುಕೊಳ್ಳುತ್ತದೆ. ಇವತ್ತೇ ನಿಲ್ಲಿಸಿ, ಡಾಕ್ಟರ್ ಹತ್ತಿರ ಮುಚ್ಚಿಡದೆ ಹೇಳಿ. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತದೆ, ಹಾಗಾಗಿ ಯಾವ ತಿಂಗಳಲ್ಲಿ ಬಿಟ್ಟರೂ ಮಗುವಿಗೆ ಲಾಭವೇ.

ಪ್ರಶ್ನೆ: ರೆಡ್ ವೈನ್ ಕುಡಿದರೆ ರಕ್ತ ಜಾಸ್ತಿಯಾಗುತ್ತದಂತೆ?

ಉತ್ತರ: ಆಗಲ್ಲ. ಕಬ್ಬಿಣದ ಮಾತ್ರೆ ತಗೊಳ್ಳಿ.

ಪ್ರಶ್ನೆ: ಗರ್ಭದೊಳಗಿನ ಮದ್ಯದ ವಿಷ ತೆಗೆಯುವ ಕಷಾಯ ಸಿಗುತ್ತದಂತೆ, ಕುಡಿಯಬಹುದಾ?

ಉತ್ತರ: ಮದ್ಯ ಒಂದು ದಿನದೊಳಗೆ ತಾನಾಗಿಯೇ ದೇಹದಿಂದ ಹೋಗಿರುತ್ತದೆ. ಆದ ಹಾನಿಯನ್ನು ತೊಳೆಯುವ ಕಷಾಯ ಜಗತ್ತಿನಲ್ಲೇ ಇಲ್ಲ. ಬಸುರಿಯರ ಭಯವನ್ನು ಬಂಡವಾಳ ಮಾಡಿಕೊಂಡು ಏನೇನೋ ಬೇರು ಕುದಿಸಿ ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಪ್ರಶ್ನೆ: ಶೀತಕ್ಕೆ ಹಸುಗೂಸಿಗೆ ಎರಡು ಹನಿ ಬ್ರಾಂದಿ ಹಾಕು ಅಂತಾರೆ ಅತ್ತೆ.

ಉತ್ತರ: ಬೇಡವೇ ಬೇಡ. ಹುಟ್ಟಿದ ಮೇಲೂ ಮಿದುಳು ಬೆಳೆಯುತ್ತಲೇ ಇರುತ್ತದೆ. ಕೂಸು ಉಸಿರಾಡಲು ಕಷ್ಟಪಡುತ್ತಿದ್ದರೆ ತಕ್ಷಣ ಮಕ್ಕಳ ಡಾಕ್ಟರ್ ಹತ್ತಿರ ಕರಕೊಂಡು ಹೋಗಿ, ಅತ್ತೆಯವರನ್ನೂ ಜೊತೆಗೆ ಕರೆದೊಯ್ಯಿರಿ.