ಅಲಂಕಾರ ಟೈಪ್ ಮಾಡೋಕೆ ‘ರಿಪ್ಲೇಸ್ ಆಲ್’ ಬೇಡ

ಮೇಡಂ, ನೀವು ಹಾಕಿದ ಮಠ್ಯ ತಾಳದ ಅಲಂಕಾರದ (ಸ್ವರಗಳನ್ನು ತಾಳಕ್ಕೆ ಕೂರಿಸಿ ಏರಿಸಿ ಇಳಿಸಿ ಹಾಡುವ ಅಭ್ಯಾಸದ) ಹಾಳೆ ನೋಡಿದೆ. ಮೊದಲ ಸಾಲು ಟೈಪ್ ಮಾಡಿ, ಅದನ್ನೇ ಕಾಪಿ ಮಾಡಿ, ಉಳಿದ ಸಾಲುಗಳಿಗೆ ‘ರಿಪ್ಲೇಸ್ ಆಲ್’ ಒತ್ತುತ್ತಿದ್ದೇನೆ ಅಂದಿದ್ದೀರಿ. ದಯವಿಟ್ಟು ಅಲ್ಲೇ ನಿಲ್ಲಿಸಿ. ಈ ಹಳ್ಳಕ್ಕೆ ನಾನೂ ಬಿದ್ದಿದ್ದೆ.

ನಮ್ಮ ಅಕ್ಕ ಮನೆಯಲ್ಲಿ ಸಂಗೀತ ಪಾಠ ಹೇಳುತ್ತಾಳೆ. ಏಳು ಅಲಂಕಾರಗಳ ಪುಸ್ತಕ ಮಾಡಿಕೊಡು ಅಂದಳು. ಪ್ರತಿ ಸಾಲೂ ಹಿಂದಿನದಕ್ಕಿಂತ ಒಂದು ಸ್ವರ ಮೇಲೆ ತಾನೇ, ಸ ಇದ್ದಲ್ಲಿ ರಿ, ರಿ ಇದ್ದಲ್ಲಿ ಗ, ಹೀಗೆ ಬದಲಾಯಿಸುತ್ತಾ ಹೋದೆ. ಕೊನೆಗೆ ನೋಡಿದರೆ ಸಾಲು ಪೂರ್ತಿ ಪ ಪ ಪ ಪ! ಈಗಷ್ಟೇ ಹುಟ್ಟಿದ ರಿ ಮುಂದಿನ ಸಲ ಗ ಆಗಿಬಿಡುತ್ತದಲ್ಲ. ಸರಿ ಅಂತ ಮೇಲಿನಿಂದ ಶುರು ಮಾಡಿದೆ. ಮೊದಲು ಮ ತೆಗೆದು ಪ, ಆಮೇಲೆ ಗ ತೆಗೆದು ಮ, ರಿ ತೆಗೆದು ಗ, ಕೊನೆಗೆ ಸ ತೆಗೆದು ರಿ. ಸ್ವರಗಳೇನೋ ಸರಿ ಬಂದವು. ಹಾಳೆಯ ಮೇಲಿದ್ದ ‘ಸಂಗೀತ ಪಾಠ’ ಮಾತ್ರ ‘ರಿಂಮೀತ ಪಾಠ’ ಆಗಿತ್ತು. ಗಮನಿಸದೆ 40 ಪ್ರತಿ ಜೆರಾಕ್ಸ್ ಮಾಡಿಸಿದ್ದೆ. ಅಕ್ಕ ಇವತ್ತಿಗೂ ನನ್ನನ್ನು ರಿಂಮೀತ ವಿದ್ವಾನ್ ಅಂತಲೇ ಕರೆಯೋದು.

ನಿಮ್ಮ ಹಾಳೆಯಲ್ಲೂ ಒಂದು ತಪ್ಪು ಕೂತಿದೆ. ಐದನೇ ಸಾಲಿನ ಕೊನೆಯ ಸ ತಾರಸ್ಥಾಯಿಯದು (ಮೇಲಿನ ಸ), ಅದರ ತಲೆ ಮೇಲೆ ಇರಬೇಕಾದ ಚುಕ್ಕೆ ಇಲ್ಲ. ರಿಪ್ಲೇಸ್‌ಗೆ ಆ ಸ, ಈ ಸ ಅಂತ ಭೇದ ಗೊತ್ತಿಲ್ಲ.

ಸ್ವರ ಬರೆಯಬೇಡಿ, ಸಂಖ್ಯೆ ಬರೆಯಿರಿ. ಸ ಅಂದರೆ 0, ರಿ 1, ಹೀಗೇ ಹೋಗಿ ನಿ 6, ಮೇಲಿನ ಸ 7. ಮಠ್ಯ ಅಂದರೆ 0 1 2 1 | 0 1 | 0 1 2 3, ಅಷ್ಟೇ. ಆರೋಹಣದ (ಏರುವ) ಐದು ಸಾಲಿಗೆ ಇದಕ್ಕೆ 0ಯಿಂದ 4ರವರೆಗೆ ಕೂಡಿಸುತ್ತಾ ಹೋಗಿ. ಅವರೋಹಣಕ್ಕೆ (ಇಳಿಯುವ ಸಾಲುಗಳಿಗೆ), ಹೀಗೆ ಬಂದ ಪ್ರತಿ ಸಂಖ್ಯೆಯನ್ನು 7ರಿಂದ ಕಳೆಯಿರಿ. ಒಂದು ಸಾಲು ಕೊಟ್ಟರೆ 10 ಸಾಲು, ಏಳು ತಾಳಕ್ಕೆ 70. ಆಮೇಲೆ 7ರಿಂದ ಭಾಗಿಸಿ: ಶೇಷ ಯಾವ ಸ್ವರ ಅಂತ ಹೇಳುತ್ತದೆ, ಭಾಗಲಬ್ಧ ಯಾವ ಸ್ಥಾಯಿ ಅಂತ.

ಈ ಲೆಕ್ಕವನ್ನು ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲೇ ಮಾಡಿ. ಮಂದ್ರಸ್ಥಾಯಿ ವರಸೆಗೆ (ಕೆಳಗಿನ ಸ್ಥಾಯಿಯ ಅಭ್ಯಾಸಕ್ಕೆ) ಹೋದಾಗ ಮೈನಸ್ ಬರುತ್ತದೆ. ಮೈನಸ್ 1ಕ್ಕೆ ಪೈಥಾನ್ ಶೇಷ 6 ಕೊಡುತ್ತದೆ, ಅಂದರೆ ನಿ. ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆ ಮೈನಸ್ 1 ಅಂತಲೇ ಹೇಳಿ ಕೈ ತೊಳೆದುಕೊಳ್ಳುತ್ತದೆ. ಅದರಲ್ಲೇ ಮಾಡಬೇಕು ಅಂದರೆ 7 ಕೂಡಿಸಿ ಇನ್ನೊಮ್ಮೆ ಶೇಷ ತೆಗೆಯಿರಿ.

ಸ್ವರಗಳನ್ನು ‘ಸರಿಗಮಪದನಿ’ ಅಂತ ಒಂದೇ ಪದವಾಗಿ ಇಡಬೇಡಿ, ಬೇರೆ ಬೇರೆಯಾಗಿ ಪಟ್ಟಿ ಮಾಡಿ. ಕಂಪ್ಯೂಟರ್‌ಗೆ ರಿ ಒಂದಲ್ಲ, ಎರಡು: ರ ಮತ್ತು ಗುಡಿಸು. ಮಠ್ಯದ 10 ಅಕ್ಷರ (ತಾಳದ ಎಣಿಕೆ) ಎಣಿಸು ಅಂದರೆ ನನಗೆ 14 ಅಂದಿತ್ತು. 14 ಅಕ್ಷರದ ಧ್ರುವ ತಾಳದ ಸಾಲನ್ನು ತಪ್ಪಿ ಇಲ್ಲಿ ಹಾಕಿದ್ದೇನೆ ಅಂತ ಅರ್ಧ ದಿನ ಹುಡುಕಿದೆ.

ಅಟ್ಟತಾಳ, ಝಂಪೆ ತಾಳದಲ್ಲಿ ಬರುವ ಕಾಮಾಗೆ (ಸ್ವರವನ್ನು ಒಂದು ಅಕ್ಷರ ಎಳೆಯುವ ಗುರುತಿಗೆ) 0 ಕೊಡಬೇಡಿ, ಅದು ಸ ಆಗಿಬಿಡುತ್ತದೆ. ಬೇರೆ ಗುರುತು ಇಟ್ಟು, ಕೂಡಿಸುವಾಗ ಬಿಟ್ಟುಬಿಡಿ. ಎಣಿಸುವಾಗ ಮಾತ್ರ ಬಿಡಬೇಡಿ. ಅಟ್ಟತಾಳ 5, 5, 2, 2 ಸೇರಿ 14 ಬರದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುವ ಹಾಗೆ ಬರೆಯಿರಿ. ಈ ಒಂದು ಸಾಲು ನನ್ನ ಮಾನ ಎಷ್ಟು ಸಲ ಉಳಿಸಿದೆಯೋ!

ಮಾಯಾಮಾಳವಗೌಳದಂಥ ಏಳು ಸ್ವರದ ರಾಗಕ್ಕೆ ಇದು ಸಾಕು. ಮೋಹನ ರಾಗದಲ್ಲೂ ಬೇಕು ಅಂದರೆ ಐದೇ ಸ್ವರ, ಆದ್ದರಿಂದ 7 ಇದ್ದಲ್ಲೆಲ್ಲ 5 ಆಗಬೇಕು, ಏರುವ ಸಾಲೂ ಮೂರೇ. 7 ಅಂತ ಅಲ್ಲಲ್ಲಿ ಬರೆದಿಡದೆ ಪಟ್ಟಿಯ ಉದ್ದವನ್ನೇ ಕೇಳಿ. ಏರುವಾಗಿನ ಸ್ವರ, ಇಳಿಯುವಾಗಿನ ಸ್ವರ ಬೇರೆ ಇರುವ ಬಿಲಹರಿಯಂಥ ರಾಗಕ್ಕೆ ಹತ್ತಲು ಒಂದು, ಇಳಿಯಲು ಇನ್ನೊಂದು ಪಟ್ಟಿ. ಗೀತೆ, ವರ್ಣದಂಥ ರಚನೆಗಳಿಗೆ ಇದನ್ನು ಹಚ್ಚಬೇಡಿ. ಅವು ಮಗ್ಗಿ ಅಲ್ಲ.

ಚುಕ್ಕೆಯ ವಿಷಯ. ಯೂನಿಕೋಡ್‌ನ ಮೇಲ್ಚುಕ್ಕೆ ಕೆಲವು ಕನ್ನಡ ಫಾಂಟ್‌ಗಳಲ್ಲಿ ಪಕ್ಕಕ್ಕೆ ಜಾರುತ್ತದೆ, ನಿ ಮೇಲಂತೂ ಗುಡಿಸಿಗೇ ಅಂಟಿಕೊಳ್ಳುತ್ತದೆ. ನಾನು ಎಚ್‌ಟಿಎಂಎಲ್ (ವೆಬ್ ಪುಟದ) ಟೇಬಲ್ ಮಾಡಿಸಿ, ಚುಕ್ಕೆಯನ್ನು ಸಿಎಸ್‌ಎಸ್‌ನಲ್ಲಿ (ಪುಟದ ವಿನ್ಯಾಸ ಹೇಳುವ ಭಾಷೆಯಲ್ಲಿ) ಬೇರೆ ಕೂರಿಸಿ, ಬ್ರೌಸರ್‌ನಿಂದಲೇ ಪಿಡಿಎಫ್ ತೆಗೆಯುತ್ತೇನೆ. ಫಾಂಟ್ ನೋಟೋ ಸಾನ್ಸ್ ಕನ್ನಡ, ಸಣ್ಣ ಮಕ್ಕಳಿಗೂ ಸ್ಪಷ್ಟ. ಲಿಲಿಪಾಂಡ್ ಎಂಬ ಸಂಗೀತ ಬರೆಯುವ ಸಾಫ್ಟ್‌ವೇರ್ ಒಳ್ಳೆಯದೇ, ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಬೇಕಿದ್ದವರಿಗೆ. ನಮ್ಮ ಸರಿಗಮದ ಹಾಳೆಗೆ ಅದು ಜಾಸ್ತಿಯಾಯಿತು. ಕಾಲಂ ಜೋಡಿಸಲು ಸ್ಪೇಸ್ ಒತ್ತುತ್ತಾ ಕೂರುವವರಿಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ.

ಮೊದಲು ಏಕತಾಳ ಒಂದನ್ನೇ ಮಾಡಿ, 0 1 2 3, ಅಷ್ಟೇ. ಬಂದ ಹಾಳೆಯನ್ನು ಹಾಡಿ ನೋಡಿ, ಸುಮ್ನೆ ಕಣ್ಣಾಡಿಸಬೇಡಿ. ಎಡವಿದರೆ ಫೈಲನ್ನೇ ಇಲ್ಲಿ ಹಾಕಿ, ಸ್ಕ್ರೀನ್ ಫೋಟೋ ಬೇಡ.