ಬಟ್ಟೆಯ ಹಿಂಬದಿ ನೋಡಿ ಕೊಳ್ಳಿ

ಪ್ರಶ್ನೆ: ಮುಂದಿನ ತಿಂಗಳು ನಾವು ಅಕ್ಕ-ತಂಗಿಯರು ಮೂವರು ಇಂಡೊನೇಷ್ಯಾದ ಬಾಲಿಗೆ ಹೊರಟಿದ್ದೇವೆ. ದೇಶ ಬಿಟ್ಟು ಹೋಗುತ್ತಿರುವುದು ಇದೇ ಮೊದಲು. ಮನೆಯವರಿಗೆ ಅಲ್ಲಿನದೇ ಕೈಕೆಲಸದ ಸಾಮಾನು ತರುವ ಆಸೆ. ಮೋಸ ಹೋಗದೆ ಕೊಳ್ಳುವುದು ಹೇಗ್ರಿ? ಚೌಕಾಸಿ ಮಾಡಬಹುದಾ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಮೊದಲು ಬಾಟಿಕ್ ಬಟ್ಟೆ ವಿಷಯ ಹೇಳುತ್ತೇನೆ, ಯಾಕಂದ್ರೆ ಜಾಸ್ತಿ ಜನ ಮೋಸ ಹೋಗುವುದು ಅದರಲ್ಲೇ. ಬಾಟಿಕ್‌ಗೆ ಹೆಸರಾದದ್ದು ಜಾವಾ ದ್ವೀಪ, ಆದರೆ ಬಾಲಿಯ ಸಂತೆಗಳಲ್ಲೂ ರಾಶಿ ರಾಶಿ ಸಿಗುತ್ತದೆ. 2009ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಮೂತಿ ಇರುವ ಪುಟ್ಟ ತಾಮ್ರದ ಬಟ್ಟಲಿಗೆ ಕಾದ ಮೇಣ ತುಂಬಿ, ಬಟ್ಟೆ ಮೇಲೆ ಗೆರೆ ಎಳೆಯುತ್ತಾರೆ. ಆಮೇಲೆ ಬಣ್ಣದಲ್ಲಿ ಅದ್ದುತ್ತಾರೆ. ಮೇಣ ಇದ್ದ ಕಡೆ ಬಣ್ಣ ಹತ್ತುವುದಿಲ್ಲ. ಹೀಗೆ ಕೈಯಲ್ಲಿ ಬರೆದದ್ದು 'ತುಲಿಸ್'. ತಾಮ್ರದ ಅಚ್ಚಿನಿಂದ ಮೇಣ ಒತ್ತಿದ್ದು 'ಚಾಪ್', ಇದು ನಮ್ಮ ಛಾಪು ಪದದ ನೆಂಟನೇ. ಇವೆರಡೂ ಅಸಲಿ. ಮೆಷಿನ್‌ನಲ್ಲಿ ಪ್ರಿಂಟ್ ಹೊಡೆದದ್ದನ್ನೂ ಬಾಟಿಕ್ ಅಂತಲೇ ಮಾರುತ್ತಾರೆ, ಎಚ್ಚರ ಇರಬೇಕಾದದ್ದು ಅಲ್ಲಿ.

ಸುಮ್ನೆ ಬಟ್ಟೆ ತಿರುಗಿಸಿ ನೋಡಿ. ಪ್ರಿಂಟಾದರೆ ಹಿಂಬದಿ ಮಂಕಾಗಿ ಬೆಳ್ಳಗೆ ಕಾಣುತ್ತದೆ. ತುಲಿಸ್ ಆದರೆ ಎರಡೂ ಕಡೆ ಬಣ್ಣ ಹೆಚ್ಚುಕಡಿಮೆ ಒಂದೇ. ಆಮೇಲೆ ಒಂದೇ ಹೂವನ್ನು ಎರಡು ಮೂರು ಕಡೆ ಹೋಲಿಸಿ. ಒಂದರ ಎಸಳು ತುಸು ದಪ್ಪ, ಇನ್ನೊಂದರಲ್ಲಿ ಗೆರೆ ಸ್ವಲ್ಪ ಆಚೀಚೆ ಆಗಿದ್ದರೆ ಕೈ ಆಡಿದೆ ಅಂತ ಅರ್ಥ. ಆ ಗೆರೆ ನೋಡಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಮರದ ಕೆತ್ತನೆಗೆ ಮಾಸ್ ಊರು, ಬೆಳ್ಳಿಗೆ ಚೆಲುಕ್ ಊರು. ಎರಡೂ ಬಾಲಿಯ ಉಬುದ್ ಪಟ್ಟಣದ ಕಡೆಯ ದಾರಿಯಲ್ಲೇ ಇವೆ. ಬೆಳ್ಳಿಯಲ್ಲಿ 925 ಗುರುತು ಹುಡುಕಿ, ಸಾವಿರಕ್ಕೆ 925 ಪಾಲು ಅಪ್ಪಟ ಬೆಳ್ಳಿ ಅಂತ ಅದರ ಅರ್ಥ. ಮರದ್ದಾದರೆ ಬುಡದಲ್ಲಿ ಸೂಜಿ ಚುಚ್ಚಿದಂಥ ತೂತು ಇದೆಯಾ ನೋಡಿ, ಒಂದು ಬಿಳಿ ಕಾಗದದ ಮೇಲೆ ತಟ್ಟಿ ನೋಡಿ. ನಾನು ಹಿಂದೊಮ್ಮೆ ಪ್ರವಾಸದಲ್ಲಿ ಅವಸರಕ್ಕೆ ಕೊಂಡ ಮರದ ಮುಖವಾಡದಿಂದ ಮೂರು ತಿಂಗಳಿಗೆ ಹಿಟ್ಟಿನಂಥ ಪುಡಿ ಉದುರತೊಡಗಿತು. ಹುಳು ಪಕ್ಕದ ಫೋಟೊ ಚೌಕಟ್ಟಿಗೂ ಹತ್ತಿತ್ತು.

ಚೌಕಾಸಿ ಸಂತೆಯಲ್ಲಿ ಮಾಡಿ, ಅವರೂ ಅದನ್ನೇ ಎಣಿಸಿ ಬೆಲೆ ಹೇಳಿರುತ್ತಾರೆ. ಬೆಲೆ ಚೀಟಿ ಹಚ್ಚಿದ ಅಂಗಡಿಯಲ್ಲಿ ಬೇಡ. ಸೊನ್ನೆ ನೋಡಿ ಗಾಬರಿಯಾಗಬೇಡಿ, ಒಂದು ಲಕ್ಷ ರುಪಿಯಾ ಅಂದರೆ ನಮ್ಮ ಐದುನೂರು ರೂಪಾಯಿ ಚಿಲ್ಲರೆ ಅಷ್ಟೇ. ಬೆಳಿಗ್ಗೆ ಬೇಗ ಹೋಗಿ. ಅಲ್ಲೂ ನಮ್ಮ ಹಾಗೇ ಬೋಣಿಗೆ ನಂಬಿಕೆ ಉಂಟು. ಮೊದಲ ಗಿರಾಕಿಯ ನೋಟನ್ನು ಅಂಗಡಿಯಾಕೆ ಉಳಿದ ಸಾಮಾನಿನ ಮೇಲೆಲ್ಲ ತಟ್ಟುತ್ತಾಳೆ, ಬೆಲೆಯೂ ಬೇಗ ಇಳಿಸುತ್ತಾಳೆ. ಆದರೆ ಕೈಯಲ್ಲಿ ಬರೆದ ಬಾಟಿಕ್ ಒಂದಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಕೂತಿರುತ್ತಾರೆ. ಮಾಡಿದವರೇ ಎದುರಿಗಿದ್ದರೆ ತೀರಾ ಎಳೆದಾಡಬೇಡಿ, ಅವರ ಕೂಲಿ ಅದರಲ್ಲೇ ಬರಬೇಕಲ್ವಾ?

ಪ್ರಶ್ನೆ: ಹೊರದೇಶದ ಸಮುದ್ರ ತೀರದಲ್ಲಿ ಮಾರುವ ಹವಳ, ಆಮೆಚಿಪ್ಪಿನ ಬಳೆ ತರಬಹುದಾ?
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ಬೇಡವೇ ಬೇಡ. ಆಮೆಚಿಪ್ಪು, ದಂತ, ಹಲವು ಜಾತಿಯ ಹವಳ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಕೆಳಗೆ ಬರುತ್ತವೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ. ಅಂಗಡಿಯವರು ಬಿಲ್ ಕೊಟ್ಟರೂ ವಿಮಾನ ನಿಲ್ದಾಣದಲ್ಲಿ ಅದು ನಿಲ್ಲುವುದಿಲ್ಲ. ಬೇರೆ ಸಾಮಾನಿನ ಬಿಲ್‌ಗಳನ್ನು ಮಾತ್ರ ತಪ್ಪದೆ ಇಟ್ಟುಕೊಳ್ಳಿ, ಕಸ್ಟಮ್ಸ್‌ನವರು ಕೇಳಿದಾಗ ಬೇಕಾಗುತ್ತದೆ.

ಪ್ರಶ್ನೆ: ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ಅವಳ ಮನೆ ಒಡತಿಗೆ ನಮ್ಮ ಕಡೆಯದು ಏನು ಒಯ್ಯಲಿ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಒಳ್ಳೆ ಪ್ರಶ್ನೆ ಕೇಳಿದಿರಿ. ಬೆಂಗಳೂರಿನ ಮಾಲ್‌ನಲ್ಲಿ ಹುಡುಕುವ ಬದಲು ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಒಂದು ದಿನ ಹೋಗಿ ಬನ್ನಿ. ಚಿತ್ರಗಾರರ ಮನೆ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಹಗುರ ಮರದ ಗೊಂಬೆಗೆ ಹುಣಸೆ ಬೀಜದ ಅಂಟು, ಸೆಣಬಿನ ಪುಡಿ ಕಲಸಿದ 'ಕಿಟ್ಟ' ಮೆತ್ತಿ, ಅದರ ಮೇಲೆ ಬಣ್ಣ ಹಾಕುತ್ತಾರೆ. ಕಣ್ಣಿಗೆ ಕಪ್ಪು ಇಡುವಾಗ ನೋಡಬೇಕು ನೀವು, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಮುಗಿಸುತ್ತಾರೆ! ಪುಟ್ಟ ಗರುಡ ಅಥವಾ ಹಸು ಸಾಕು. ಗೊಂಬೆ ಬೇಡ ಅನಿಸಿದರೆ ಸಂಡೂರಿನ ಲಂಬಾಣಿ ಕಸೂತಿಯ ದಿಂಬಿನ ಚೀಲ ಒಯ್ಯಿರಿ, ಒಡೆಯುವ ಭಯವಿಲ್ಲ. ಎರಡಕ್ಕೂ ಜಿಐ ಟ್ಯಾಗ್, ಅಂದರೆ ಆ ಊರಿನದೇ ಕಸುಬು ಎಂಬ ಸರ್ಕಾರಿ ಗುರುತು ಇದೆ.

ಗೊಂಬೆಯನ್ನು ಹಳೇ ಕಾಟನ್ ಸೀರೆ ತುಂಡಿನಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಿ, ನೀರು ತಾಗಿಸಬೇಡಿ. ಮಾಡಿದವರ ಹೆಸರು, ಊರಿನ ಹೆಸರು ಒಂದು ಚೀಟಿಯಲ್ಲಿ ಬರೆಸಿಕೊಂಡು ಡಬ್ಬಿಯೊಳಗೆ ಹಾಕಿ. ಆ ಒಡತಿ ಅದನ್ನು ಓದಲಿಕ್ಕೆ ಮಗಳ ಹತ್ತಿರ ಜರ್ಮನ್‌ನಲ್ಲೂ ಒಂದು ಸಾಲು ಬರೆಸಿಬಿಡಿ.